ಒಂದು ದಿನದ ನಿರುದ್ಯೋಗಿ

ಆಗಸ್ಟ್ ತಿಂಗಳ ಕೊನೆಯ ವಾರ ಬಂತೆಂದರೆ ಜನೆಲ್ ಟ್ಯಾಗರ್ಟ್‌ಗೆ ತಲೆನೋವು ಶುರು. ಅವಳ ಗಂಡ ವೆಂಡೆಲ್‌ನ ಕೆಲಸ ಹೋಗುವ ವಾರ ಅದು. ಮಂಗಳವಾರ ಹೋದ ಕೆಲಸ ಬುಧವಾರ ವಾಪಸು ಬರುತ್ತಿತ್ತು, ಆ ಮಾತು ಬೇರೆ. ಆದರೆ ನಡುವಿನ ಆ ಒಂದೇ ದಿನದಲ್ಲಿ ಅವಳ ಮನೆಗೆ ಬಂದು ಬೀಳುತ್ತಿದ್ದ ಊಟವಿದೆಯಲ್ಲ, ಅದನ್ನು ತಿಂದು ಮುಗಿಸಿ, ಪಾತ್ರೆ ತೊಳೆದು, ಯಾರದು ಯಾರಿಗೆ ಎಂದು ಹಂಚುವಷ್ಟರಲ್ಲಿ ಬೀದಿಯ ಮರಗಳ ಎಲೆ ಉದುರಿ ಮುಗಿದಿರುತ್ತಿತ್ತು.

ಅದಕ್ಕೇ ಈ ವರ್ಷ ಅವಳು ಒಂದು ವಾರ ಮೊದಲೇ ಅತ್ತೆಗೆ ಫೋನ್ ಮಾಡಿದಳು. ಅತ್ತೆ ಅರ್ನೆಸ್ಟೀನ್ ಎಂದರೆ ಊರಿನ ಮೌಂಟ್ ನೆಬೊ ಚರ್ಚಿನ ಅಡುಗೆಮನೆಗೆ ಒಡತಿ ಇದ್ದ ಹಾಗೆ. ಯಾರ ಮನೆಗೆ ಯಾರು ಏನು ಒಯ್ಯಬೇಕು ಎಂಬುದು ಅವರ ಬಾಯಿಂದಲೇ ಹೊರಡಬೇಕು.

"ಅಮ್ಮಾ, ಮಂಗಳವಾರ ಟೀವಿಲಿ ವೆಂಡೆಲ್ ಹೆಸರು ಬರುತ್ತೆ. ಬಂದ್ರೆ ಬರ್ಲಿ. ಈ ಸಲ ಯಾರೂ ಊಟ ಹೊತ್ಕೊಂಡು ಬರೋದು ಬೇಡ. ಸಿಸ್ಟರ್ ವೆಲ್ಮಾಗೆ ನೀವೇ ಹೇಳ್ಬಿಡಿ."

"ನಾನ್ಯಾಕೆ ಹೇಳ್ಲಿ? ಪಾಪ, ಪ್ರೀತಿಯಿಂದ ತರ್ತಾಳೆ."

"ಆ ಪ್ರೀತಿ ಇಡೋಕೆ ನನ್ ಫ್ರೀಜರಲ್ಲಿ ಜಾಗ ಇಲ್ಲ ಅಮ್ಮಾ."

ಅತ್ತೆ ಗೊಣಗಿದರು. ಕೊನೆಗೆ ಒಪ್ಪಿದರು. ಊಟ ಹೊರುವ ಚರ್ಚಿನ ಹೆಂಗಸರಲ್ಲಿ ಮೊದಲಿಗಳಾದ ಸಿಸ್ಟರ್ ವೆಲ್ಮಾಗೆ ವಿಷಯ ಮುಟ್ಟಿತು, ಮುಟ್ಟಿದ ಕೂಡಲೇ ಮುಖ ಊದಿಸಿಕೊಂಡಳು ಎಂಬ ಸುದ್ದಿಯೂ ಜನೆಲ್‌ಗೆ ವಾಪಸು ಬಂತು. ಊದಿಸಿಕೊಳ್ಳಲಿ. ಒಂಬತ್ತು ವರ್ಷದ ಸಂಸಾರದಲ್ಲಿ ಜನೆಲ್ ಊದಿದ್ದನ್ನೆಲ್ಲ ಐಸ್ ಇಟ್ಟೇ ಇಳಿಸಿದವಳು.

ಫ್ರೀಜರಿನಲ್ಲಿ ಜಾಗವಿಲ್ಲ ಎಂದದ್ದು ಸುಳ್ಳೇನಲ್ಲ. ಅದರ ತುಂಬ ವೆಂಡೆಲ್‌ನ ಐಸ್ ಚೀಲಗಳು. ಮೊಣಕಾಲಿಗೆ ಒಂದು, ಭುಜಕ್ಕೆ ಒಂದು, ಎರಡು ಸಲ ಮುರಿದು ಕೂಡಿದ ಕೊರಳ ಕೆಳಗಿನ ಎಲುಬಿಗೆ ಒಂದು. ಒಂದು ಪೊಟ್ಟಣ ಬಟಾಣಿ ಇಡಬೇಕೆಂದರೂ ಅವಳು ಗಂಡನ ಯಾವುದೋ ಅಂಗದ ಚೀಲವನ್ನು ಹೊರಗೆ ತೆಗೆಯಬೇಕಾಗಿತ್ತು.

ಇಷ್ಟು ಪೆಟ್ಟು ತಿಂದು ಆತ ಮಾಡುತ್ತಿದ್ದ ಕೆಲಸವಾದರೂ ಎಂಥದು ಎಂದರೆ, ಅದು ಪಕ್ಕದ ಮನೆಯವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಅಮೆರಿಕದವರ ಫುಟ್‌ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಓಡುವವನನ್ನು ಹಿಡಿದು ನೆಲಕ್ಕೆ ಕೆಡಹುವ ಆಟ. ಎಸೆಯುವವನಿಗೆ ಹೆಸರಿದೆ, ಹಿಡಿಯುವವನಿಗೆ ಹೆಸರಿದೆ, ಕೆಡಹುವವನಿಗೂ ಇದೆ. ಇನ್ನು ಮುಂದಕ್ಕೆ ಹೋಗುವುದು ನಮ್ಮಿಂದಾಗದು ಎಂದಾದಾಗ ಒಬ್ಬ ಬಂದು ಚೆಂಡನ್ನು ಆಕಾಶಕ್ಕೆ ಒದೆಯುತ್ತಾನೆ. ಆಚೆ ದೂರದಲ್ಲಿ ಎದುರು ತಂಡದವನೊಬ್ಬ ಅದನ್ನು ಹಿಡಿದು ವಾಪಸು ಓಡಲು ಕಾದಿರುತ್ತಾನೆ. ಚೆಂಡು ಗಾಳಿಯಲ್ಲಿರುವಷ್ಟು ಹೊತ್ತು ಆ ಹಿಡಿಯುವವನನ್ನು ತಲುಪಿ ಕೆಡಹಲು ಮೈದಾನದ ಅಂಚಿನಲ್ಲಿ ಒಬ್ಬ ಮನುಷ್ಯ ಜೀವ ಬಿಟ್ಟು ಓಡುತ್ತಿರುತ್ತಾನೆ, ಎದುರು ತಂಡದ ಇಬ್ಬರು ಅವನನ್ನು ದಾರಿಯುದ್ದಕ್ಕೂ ಗುದ್ದುತ್ತ, ಅಂಗಿ ಜಗ್ಗುತ್ತ, ಗೆರೆಯಾಚೆ ತಳ್ಳುತ್ತ ಜೊತೆಗೇ ಓಡುತ್ತಾರೆ. ಆ ಓಡುವವನೇ ವೆಂಡೆಲ್.

ಅವನು ಹೊತ್ತಿಗೆ ಸರಿಯಾಗಿ ತಲುಪಿದನೆನ್ನಿ. ಚೆಂಡು ಹಿಡಿಯಬೇಕಾದವನು ಇವನು ಬರುವುದನ್ನು ಕಂಡು ಒಂದು ಕೈ ಮೇಲೆತ್ತುತ್ತಾನೆ. ಎತ್ತಿದರೆ, ನಾನು ಓಡುವುದಿಲ್ಲ, ನನ್ನನ್ನು ಮುಟ್ಟಬೇಡ ಎಂದರ್ಥ. ಮುಟ್ಟುವಂತಿಲ್ಲ. ಅಷ್ಟು ದೂರ ಅಷ್ಟು ಏಟು ತಿಂದುಕೊಂಡು ಬಂದವನು ಅವನ ಮೂಗಿನ ಮುಂದೆ ಗಕ್ಕನೆ ನಿಲ್ಲಬೇಕು. ಟೀವಿಯವರು ಟ್ರಕ್ಕಿನ ಜಾಹೀರಾತು ಹಾಕುತ್ತಾರೆ. ವೆಂಡೆಲ್ ಅತ್ಯುತ್ತಮವಾಗಿ ಕೆಲಸ ಮಾಡಿದ ದಿನ ಮೈದಾನದಲ್ಲಿ ಏನೂ ನಡೆದಿರುವುದಿಲ್ಲ. ಅವನು ತಪ್ಪಿದ ದಿನ ಮಾತ್ರ ಎದುರಾಳಿ ಚೆಂಡು ಹಿಡಿದು ಮೈದಾನವಿಡೀ ಓಡಿರುತ್ತಾನೆ, ಆಗ ಅವನ ಹೆಸರು ಇಡೀ ದೇಶದ ಬಾಯಲ್ಲಿ ಇರುತ್ತದೆ.

ಇಂಥವರನ್ನು ಅಲ್ಲಿ ವಿಶೇಷ ತಂಡದವರು ಎನ್ನುತ್ತಾರೆ. ವಿಶೇಷ ಹೆಸರಿನಲ್ಲಿ ಮಾತ್ರ. ಒಗ್ಗರಣೆಗೆ ಬೇಕು, ತಿನ್ನುವಾಗ ಎತ್ತಿ ತಟ್ಟೆಯಂಚಿಗೆ ಇಡಬೇಕು, ನಮ್ಮ ಕರಿಬೇವಿನ ಗತಿ.

ಜನೆಲ್ ಹಲ್ಲಿನ ಡಾಕ್ಟರ ಬಳಿ ಹಲ್ಲು ಶುಚಿಮಾಡುವ ಕೆಲಸದಲ್ಲಿದ್ದಳು. ಕೆಲಸ ಅವಳಿಗೆ ಹೇಳಿ ಮಾಡಿಸಿದಂಥದ್ದು, ಏಕೆಂದರೆ ಎದುರಿಗಿದ್ದವರು ಬಾಯಿ ತೆರೆದುಕೊಂಡೇ ಇರಬೇಕು, ಉತ್ತರ ಕೊಡುವ ಹಾಗಿಲ್ಲ. ಗಂಡನ ಮೇಲಿನ ಸಿಟ್ಟನ್ನೆಲ್ಲ ಅವಳು ಅವರ ದವಡೆ ಹಲ್ಲುಗಳಿಗೆ ಹೇಳಿ ಮುಗಿಸುತ್ತಿದ್ದಳು. ಬಾಯಿ ತೊಳೆದುಕೊಳ್ಳುವಾಗ ಯಾರಾದರೂ, ನಿಮ್ಮ ಗಂಡ ನಮ್ಮ ತಂಡದಲ್ಲೇ ಆಡುತ್ತಾರಾ, ನಾವು ಒಂದು ಆಟವನ್ನೂ ಬಿಟ್ಟಿಲ್ಲ, ಆ ಹೆಸರು ಕೇಳಿದ ನೆನಪಿಲ್ಲವಲ್ಲ ಎನ್ನುವರು. ಅದಕ್ಕೆ ಅವಳ ಉತ್ತರ ಸಿದ್ಧವಿತ್ತು.

"ನೀವು ಬಾತ್‌ರೂಮಿಗೆ ಎದ್ದು ಹೋಗ್ತೀರಲ್ಲ, ಆಗ ಆಡ್ತಾರೆ."

ತಂಡದ ಹೆಸರು ಇಲ್ಲಿ ಬೇಡ. ಈಗ ಆ ಮನೆಯಲ್ಲಿ ಅದನ್ನು ಎತ್ತುವಂತಿಲ್ಲ. ಓಹಾಯೊದಲ್ಲಿ, ಸರೋವರದ ದಂಡೆಯ ಉಕ್ಕಿನ ಊರೊಂದರಲ್ಲಿ ವೆಂಡೆಲ್ ಹುಟ್ಟಿ ಬೆಳೆದದ್ದು ಆ ತಂಡದ ಬಣ್ಣದ ಟೋಪಿ ಹಾಕಿಕೊಂಡೇ ಎಂಬುದಷ್ಟು ಸಾಕು. ಕಾಲೇಜಿನಲ್ಲಿ ಅವನು ಎಲ್ಲರ ಹಾಗೆ ಒಳ್ಳೆಯ ಜಾಗದಲ್ಲೇ ಆಡುತ್ತಿದ್ದ. ವೃತ್ತಿ ತಂಡಗಳು ಹುಡುಗರನ್ನು ಆರಿಸಿಕೊಳ್ಳುವ ದಿನ ಅರ್ನೆಸ್ಟೀನ್ ಅರ್ಧ ಚರ್ಚನ್ನು ಮನೆಗೆ ಕರೆದು, ಮಗನ ಹೆಸರು ಬರೆಸಿದ ಕೇಕ್ ತರಿಸಿದ್ದರು. ಒಂದು ದಿನ ಕಳೆಯಿತು, ಎರಡು ಕಳೆಯಿತು, ಮೂರನೆಯ ದಿನ ಸಂಜೆ ಟೀವಿಯವರು ಶುಭರಾತ್ರಿ ಹೇಳಿದರು. ವೆಂಡೆಲ್‌ನ ಹೆಸರು ಕೇಕಿನ ಮೇಲೆ ಬಿಟ್ಟು ಬೇರೆಲ್ಲೂ ಬರಲಿಲ್ಲ. ಆಗ ಅವನ ಪ್ರೇಯಸಿಯಾಗಿದ್ದ ಜನೆಲ್ ಆ ಕೇಕನ್ನು ತಾನೇ ಕತ್ತರಿಸಿ ಹಂಚಿದಳು, ಅದು ಹಾಳಾಗುವುದನ್ನು ನೋಡಲಾರದೆ.

ಮಾರನೆಯ ದಿನ ಗಸ್ ಪೆಟ್ರಾಕಿಸ್ ಎಂಬ ಕೋಚ್ ಒಬ್ಬ ಫೋನ್ ಮಾಡಿದ. ವಿಶೇಷ ತಂಡದ ಕೋಚ್. ಓಡುತ್ತೀಯಾ, ಏಟು ತಿನ್ನುತ್ತೀಯಾ, ಹಾಗಿದ್ದರೆ ಬಾ ಎಂದ. ಒಂದೆರಡು ವರ್ಷ ಹೀಗೆ ಓಡಿದರೆ ಮುಂದೆ ಒಳ್ಳೆಯ ಜಾಗ ಸಿಗುತ್ತದೆ ಎಂದು ವೆಂಡೆಲ್ ಹೊರಟ. ಸಿಗಲಿಲ್ಲ. ಸಿಕ್ಕಿದ್ದು ಐದು ಊರು, ಐದು ಬಾಡಿಗೆ ಮನೆ. ಹೋದ ರಾಜ್ಯದಲ್ಲೆಲ್ಲ ಜನೆಲ್ ಹಲ್ಲು ಮುಟ್ಟುವ ಮೊದಲು ಹೊಸದಾಗಿ ಪರೀಕ್ಷೆ ಕಟ್ಟಬೇಕು. ಅವಳು ಪಾಸಾದ ಬೆನ್ನಿಗೇ ಅವನನ್ನು ಬಿಟ್ಟುಬಿಡುತ್ತಿದ್ದರು. ಹಲ್ಲು ದೇಶದಲ್ಲೆಲ್ಲ ಒಂದೇ, ಮೂವತ್ತೆರಡು ಎಂದು ಅವಳು ಒಬ್ಬ ಅಧಿಕಾರಿಗೆ ಹೇಳಿ ನೋಡಿದಳು. ಅವನು ಮತ್ತೊಂದು ಫಾರ್ಮ್ ಕೊಟ್ಟ.

ಹೀಗೆ ಸುತ್ತಿ ಸುತ್ತಿ ಕೊನೆಗೆ ಹುಟ್ಟೂರಿನ ತಂಡಕ್ಕೇ ಬಂದರು. ಪೆಟ್ರಾಕಿಸ್ ಆ ವೇಳೆಗೆ ಅಲ್ಲಿಗೆ ಬಂದಿದ್ದ. ಮನೆ ಕೊಂಡರು, ಮಗಳು ಇಮಾನಿ ಶಾಲೆಗೆ ಸೇರಿದಳು. ನಿಮ್ಮಪ್ಪ ಏನು ಮಾಡುತ್ತಾರೆ ಎಂದು ಟೀಚರ್ ಕೇಳಿದರೆ ಅವಳು ಒಂದು ಚಿತ್ರ ಬರೆದು ಕೊಟ್ಟಳಂತೆ. ಚಿತ್ರದಲ್ಲಿ ಒಬ್ಬ ಕೈ ಎತ್ತಿ ನಿಂತಿದ್ದಾನೆ, ಪಕ್ಕದಲ್ಲಿ ಅಪ್ಪ ಸುಮ್ಮನೆ ನಿಂತಿದ್ದಾನೆ.

ಕೆಲಸದ ವಿಷಯ ಬಂದರೆ ಆ ಮನುಷ್ಯನಿಗೆ ಬೇರೆ ಲೋಕವಿಲ್ಲ. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಸ್ವಂತ ಅಡುಗೆಮನೆಯಲ್ಲಿ ಗೊತ್ತಿಲ್ಲ. ಅರಿಜೋನಾದ ಯಾವನೋ ಹುಡುಗ ಚೆಂಡು ಹಿಡಿಯುವ ಮುನ್ನ ಯಾವ ಕಾಲು ಹಿಂದಿಡುತ್ತಾನೆ ಎಂಬುದು ಗೊತ್ತು. ಓಡುವಾಗ ತಲೆಯೆತ್ತಿ ಚೆಂಡು ನೋಡಬಾರದಂತೆ, ಹಿಡಿಯುವವನ ಪಾದ ನೋಡಬೇಕಂತೆ, ಚೆಂಡು ಎಲ್ಲಿ ಬೀಳುತ್ತದೆಂದು ಪಾದವೇ ಹೇಳುತ್ತದಂತೆ. ಮದುವೆಮನೆಯಲ್ಲಿ ಊಟಕ್ಕೆ ಕೂತಾಗಲೂ ಅವನ ಕಣ್ಣು ಜನರ ಪಾದದ ಮೇಲೆ. ಎದುರು ಮಾತಾಡುವವರ ಮುಖ ನೋಡು ಎಂದು ಜನೆಲ್ ಮೇಜಿನಡಿ ತಿವಿಯಬೇಕು.

ಪ್ರತಿ ವರ್ಷ ಇದೇ ಕೊನೆ ಎನ್ನುತ್ತಿದ್ದ. ಕೊನೆಯೆಂಬುದಕ್ಕೇ ಕೊನೆ ಇರಲಿಲ್ಲ. ಮೆಟ್ಟಿಲು ಇಳಿಯುವಾಗ ಪಕ್ಕದ ಕಂಬಿ ಹಿಡಿದು, ಅಡ್ಡಡ್ಡ ತಿರುಗಿ, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು ಇಳಿಯುತ್ತಿದ್ದ. ವಯಸ್ಸು ಮೂವತ್ತಮೂರು. ದೇವರೇ, ಈ ಕೆಲಸ ಇವನನ್ನು ಬಿಡಲಿ, ಇವನಾಗಿ ಬಿಡುವುದಿಲ್ಲ ಎಂದು ಜನೆಲ್ ಭಾನುವಾರ ಭಾನುವಾರ ಕೇಳಿಕೊಳ್ಳುತ್ತಿದ್ದಳು. ಇದನ್ನು ಅವಳು ಗಂಡನ ಮುಂದೆಯೂ ಹೇಳುತ್ತಿದ್ದಳು. ಅವಳಿಗೆ ಮುಚ್ಚುಮರೆ ಗೊತ್ತಿಲ್ಲ.

ಈಗ ಆ ಮಂಗಳವಾರದ ಕಥೆ. ಹಂಗಾಮು ಶುರುವಾಗುವ ಮೊದಲು ತಂಡದವರು ಇಂತಿಷ್ಟೇ ಜನ ಎಂದು ಎಣಿಕೆ ಇಳಿಸಿ, ಉಳಿದವರನ್ನು ಕೈಬಿಡಬೇಕು. ಆ ದಿನ ಉಳಿಸಿಕೊಂಡವರ ಪಟ್ಟಿಯಲ್ಲಿ ಗಾಯಗೊಂಡವನೊಬ್ಬ ಇರಲೇಬೇಕು, ಇದ್ದರೆ ತಾನೆ ಮರುದಿನ ಅವನನ್ನು ಗಾಯಾಳು ಪಟ್ಟಿಗೆ ಸರಿಸಿ, ವಾಸಿಯಾದ ಮೇಲೆ ವಾಪಸು ಕರೆಯಲಾಗುವುದು. ಅವನಿಗೆ ಒಂದು ದಿನದ ಮಟ್ಟಿಗೆ ಜಾಗ ಬೇಕಲ್ಲ. ಎಳೆಯ ಹುಡುಗನನ್ನು ಬಿಟ್ಟರೆ ಬೇರೆ ತಂಡದವರು ಎತ್ತಿಕೊಂಡು ಹೋಗುತ್ತಾರೆ. ವಯಸ್ಸಾದವನನ್ನು ಬಿಟ್ಟರೆ ಅವನು ಎಲ್ಲಿಗೆ ಬೇಕಾದರೂ ಹೋಗಲು ಸ್ವತಂತ್ರ, ಹೋಗಲು ಜಾಗವೆಲ್ಲಿದೆ ಎಂಬುದು ಬೇರೆ ವಿಷಯ. ಆದ್ದರಿಂದ ವೆಂಡೆಲ್‌ನಂಥವರನ್ನು ಒಳಗೆ ಕರೆದು ಕೋಚ್ ಕೈ ಕುಲುಕುತ್ತಾನೆ. ಇವತ್ತು ಕಾಗದದ ಮೇಲೆ ಬಿಡುತ್ತೇವೆ, ನಾಳೆ ಬಾ. ಬರಹವಿಲ್ಲ, ಸಾಕ್ಷಿಯಿಲ್ಲ, ಬರೀ ಕೈ.

ಪೆಟ್ರಾಕಿಸ್ ನಾಲ್ಕು ವರ್ಷ ಸತತವಾಗಿ ಹಾಗೆ ಕೈ ಕುಲುಕಿದ್ದ, ನಾಲ್ಕು ವರ್ಷವೂ ಮಾತು ಉಳಿಸಿಕೊಂಡಿದ್ದ. ವೆಂಡೆಲ್ ಶೂಗಳನ್ನೂ ಅಲ್ಲೇ ಕಪಾಟಿನಲ್ಲಿ ಬಿಟ್ಟು, ಕೈಬೀಸಿಕೊಂಡು ಮನೆಗೆ ಬರುತ್ತಿದ್ದ. ನಿಜವಾಗಿ ಕೆಲಸ ಕಳೆದುಕೊಂಡವರು ಹಾಗೆ ಬರುವುದಿಲ್ಲ. ಕಪಾಟು ಖಾಲಿ ಮಾಡಿ, ಸಾಮಾನನ್ನೆಲ್ಲ ಕರಿಯ ಕಸದ ಚೀಲವೊಂದಕ್ಕೆ ತುಂಬಿಕೊಂಡು ಹೊರಡುತ್ತಾರೆ. ಮೊದಲಿನ ಊರುಗಳಲ್ಲಿ ಜನೆಲ್ ಅಂಥ ಚೀಲಗಳನ್ನು ಬಿಚ್ಚಿ ಒಗೆದವಳೇ.

ಎರಡು ವರ್ಷದ ಹಿಂದೆ ಆ ಒಂದು ದಿನದ ನಡುವೆಯೇ ಫ್ಲಾರಿಡಾದ ಒಂದು ತಂಡದಿಂದ ಫೋನ್ ಬಂದಿತ್ತು. ಎರಡು ವರ್ಷದ ಖಾತ್ರಿ, ವಿಶೇಷ ತಂಡದ ನಾಯಕನ ಪಟ್ಟ, ಅಂಗಿಯ ಮೇಲೆ ನಾಯಕನ ಗುರುತು. ಯಾರೋ ಒಬ್ಬರು ಕೊನೆಗೂ ಅವನ ಹೆಸರು ಹಿಡಿದು ಕರೆದಿದ್ದರು. ವೆಂಡೆಲ್ ಕೇಳಿಸಿಕೊಂಡು, ವಂದನೆ ಹೇಳಿ, ಆಗುವುದಿಲ್ಲ ಎಂದ. ಯಾಕೆಂದು ಜನೆಲ್ ಕೇಳಿದ್ದಕ್ಕೆ, ಗಸ್‌ಗೆ ನಾಳೆ ಬರುತ್ತೇನೆಂದು ಕೈ ಕೊಟ್ಟಿದ್ದೇನೆ ಎಂದ.

"ಕೈ ಕೊಟ್ಟಿದೀಯಾ. ಸರಿ. ಕಾಲು, ಭುಜ, ಎಲುಬು ಆಗ್ಲೇ ಕೊಟ್ಟಾಯ್ತು. ಉಳಿದಿದ್ದು ಅದೊಂದೇ," ಎಂದಳು ಜನೆಲ್. ಅದಾದ ಮೇಲೆ ಒಂದು ವಾರ ಅವಳು ಮಾತಾಡಿದ್ದೆಲ್ಲ ರೋಗಿಗಳ ಹಲ್ಲುಗಳ ಜೊತೆ.

ಊಟ ಬರುವುದರ ಹಿನ್ನೆಲೆ ಇದು. ಆ ಊರಿನಲ್ಲಿ ಉಕ್ಕಿನ ಕಾರ್ಖಾನೆ ಬಾಗಿಲು ಹಾಕಿದ ವರ್ಷ ವೆಂಡೆಲ್‌ನ ಅಪ್ಪನೂ ಬೀದಿಗೆ ಬಿದ್ದಿದ್ದ. ಆಗ ಮೌಂಟ್ ನೆಬೊ ಚರ್ಚಿನ ಹೆಂಗಸರು ಫಾಯಿಲ್ ಮುಚ್ಚಿದ ಪಾತ್ರೆ ಹಿಡಿದು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ನಡೆದರು. ಇದ್ದವರು ಇಲ್ಲದವರಿಗೆ, ಮುಂದಿನ ತಿಂಗಳು ಆ ಇಲ್ಲದವರು ಹೊಸದಾಗಿ ಇಲ್ಲವಾದವರಿಗೆ. ಅಂದಿನಿಂದ ಸಾವಾದ ಮನೆಗೂ ಕೆಲಸ ಹೋದ ಮನೆಗೂ ಬರಿಗೈಯಲ್ಲಿ ಹೋಗುವುದು ಅವರಲ್ಲಿ ಇಲ್ಲ. ಟೀವಿಯ ಕೆಳಗೆ ವೆಂಡೆಲ್ ಟ್ಯಾಗರ್ಟ್‌ನನ್ನು ಕೈಬಿಡಲಾಗಿದೆ ಎಂದು ಓಡಿದರೆ ಸಾಕು, ಅವರ ಒಲೆ ಹೊತ್ತಿಕೊಳ್ಳುತ್ತಿತ್ತು. ಇದು ಬರೀ ಕಾಗದದ ಮೇಲೆ ಎಂದು ಎಷ್ಟು ಹೇಳಿದರೂ ವೆಲ್ಮಾ ಒಪ್ಪಳು. "ಕಾರ್ಖಾನೆಯವರೂ ಮೊದಲು ಹಂಗೇ ಅಂದಿದ್ರು ಮಗಳೇ, ಎರಡು ವಾರ ಅಷ್ಟೇ ಅಂತ," ಎನ್ನುತ್ತ ಅವಳು ಬಾಗಿಲಲ್ಲಿ ನಿಂತರೆ ಹಿಂದಕ್ಕೆ ಕಳಿಸುವುದು ಹೇಗೆ? ಹಂದಿಮಾಂಸ, ಕರಿದ ಕೋಳಿ, ಸೊಪ್ಪು, ಪೀಚ್ ಹಣ್ಣಿನ ಸಿಹಿ, ಎಲ್ಲಕ್ಕೂ ಮೇಲೆ ವೆಲ್ಮಾಳ ಮ್ಯಾಕರೋನಿ. ಮರುದಿನ ಕೆಲಸ ವಾಪಸು ಬಂದಾಗ ಕರಿದ ಕೋಳಿ ಇನ್ನೂ ಬೆಚ್ಚಗಿರುತ್ತಿತ್ತು, ತಿಂದವರು ಕಳ್ಳರ ಹಾಗೆ ಮುಖ ಮುಖ ನೋಡಿಕೊಳ್ಳಬೇಕಾಗುತ್ತಿತ್ತು.

ಈ ವರ್ಷ ಅದೆಲ್ಲ ನಿಂತಿತು. ಮಂಗಳವಾರ ಸಂಜೆ ಟೀವಿಯಲ್ಲಿ ಹೆಸರು ಓಡಿತು. ಐದು ಗಂಟೆಗೆ ವೆಂಡೆಲ್ ಮನೆಗೆ ಬಂದ, ಕೈಬೀಸಿಕೊಂಡು.

"ಎಂದಿನ ಹಂಗೇನಾ?" ಎಂದಳು ಜನೆಲ್.

"ಎಂದಿನ ಹಂಗೇ."

ಅವನು ಹೊರಗೆ ಹೋಗಿ ಮುಂಬಾಗಿಲ ಮೆಟ್ಟಿಲ ಮೇಲೆ ಕೂತ. ಫೋನನ್ನು ಮುಖ ಮೇಲೆ ಮಾಡಿ ಪಕ್ಕದಲ್ಲಿ ಇಟ್ಟುಕೊಂಡಿದ್ದ. ಬೀದಿಯಲ್ಲಿ ಕಾರು ನಿಧಾನ ಮಾಡಿದಾಗಲೆಲ್ಲ ತಲೆಯೆತ್ತುತ್ತಿದ್ದ. ಬಹಳ ಹೊತ್ತಿನ ಮೇಲೆ ಒಳಗೆ ಬಂದು, ಯಾರೂ ಬರಲಿಲ್ಲವಾ ಎಂದು ಕೇಳಿದ.

ಜನೆಲ್ ಬೀಗುತ್ತ ಹೇಳಿದಳು, ತಾನೇ ತಡೆದೆ ಎಂದು. ಒಂದು ವಾರದಿಂದ ಅತ್ತೆಯ ಜೊತೆ ಹೋರಾಡಿದ್ದನ್ನೂ ವೆಲ್ಮಾ ಮುಖ ಊದಿಸಿಕೊಂಡದ್ದನ್ನೂ ವಿವರವಾಗಿ ಹೇಳಿದಳು. ಖುಷಿಯಾಯಿತಾ ಎಂದಳು. ಒಳ್ಳೆಯದಾಯಿತು ಎಂದ ಅವನು. ರಾತ್ರಿ ಊಟಕ್ಕೆ ಮಾಡಿದ ಸಾರನ್ನು ಎರಡು ಚಮಚ ಕುಡಿದು ಎದ್ದ. ಪುಕ್ಕಟೆ ಊಟ ಬರಲಿಲ್ಲವೆಂದು ಇವನಿಗೂ ಬೇಜಾರು, ತಾಯಿಗೆ ತಕ್ಕ ಮಗ ಎಂದುಕೊಂಡು ಜನೆಲ್ ತಟ್ಟೆ ತೊಳೆದಳು.

ಬುಧವಾರ ಅವಳಿಗೆ ರಜೆ. ಇಮಾನಿಯನ್ನು ಶಾಲೆಗೆ ಬಿಟ್ಟು, ಹಾಗೆಯೇ ಸಾಮಾನು ತರೋಣವೆಂದು ಗಂಡನ ಕಾರು ತೆಗೆದುಕೊಂಡು ಹೋದಳು, ಅವಳದು ಬ್ರೇಕ್ ರಿಪೇರಿಗೆ ಹೋಗಿತ್ತು. ಅಂಗಡಿಯ ಮುಂದೆ ಹಾಲು, ಮೊಟ್ಟೆ ಇಡಲು ಡಿಕ್ಕಿ ತೆಗೆದರೆ ಬೆವರಿನ ನಾತ ಗಪ್ಪೆಂದು ಮುಖಕ್ಕೆ ಹೊಡೆಯಿತು. ಒಳಗೆ ಕರಿಯ ಕಸದ ಚೀಲ, ಬಾಯಿ ಕಟ್ಟಿತ್ತು.

ಬಿಚ್ಚಿದಳು. ಮೂರು ಜೊತೆ ಶೂ. ಕಾಲಿಗೆ ಸುತ್ತುವ ಟೇಪಿನ ಸುರುಳಿಗಳು. ಕಪಾಟಿನ ಬಾಗಿಲ ಒಳಗೆ ಅಂಟಿಸಿಕೊಂಡಿದ್ದ ಇಮಾನಿಯ ಚಿತ್ರ, ಕೈ ಎತ್ತಿದವನೂ ಅಪ್ಪನೂ ಇರುವುದು, ನಾಲ್ಕೂ ಮೂಲೆ ಹರಿಯದಂತೆ ಜೋಪಾನವಾಗಿ ಬಿಡಿಸಿ ತಂದಿದ್ದ.

ಅವಳಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ತಂಡದವರ ಮೇಲೆ, ಪೆಟ್ರಾಕಿಸ್‌ನ ಮೇಲೆ, ಎಂದಿನ ಹಾಗೇ ಎಂದು ನೆಟ್ಟಗೆ ನಿಂತು ಸುಳ್ಳು ಹೇಳಿದ ಈ ಮನುಷ್ಯನ ಮೇಲೆ. ಫ್ಲಾರಿಡಾ ನೆನಪಾಗಿ ಇನ್ನಷ್ಟು ಉರಿಯಿತು. ದೇವರ ಮೇಲೂ ಸಿಟ್ಟು ಬಂತು. ಅವನಾದರೂ ಒಂಬತ್ತು ವರ್ಷ ಕೇಳಿಸಿಕೊಳ್ಳದೆ ಇದ್ದವನು ಹೀಗಾ ಕೇಳಿಸಿಕೊಳ್ಳುವುದು? ಅವಳು ಕೇಳಿದ್ದು ಇವನು ತಾನಾಗಿ ತಲೆಯೆತ್ತಿ ಹೊರಗೆ ನಡೆದು ಬರಲಿ ಎಂದು. ಕಸದ ಚೀಲ ಹೊತ್ತು ಬರಲಿ ಎಂದಲ್ಲ.

ಆಮೇಲೆ ನಿನ್ನೆಯ ಸಂಜೆ ನೆನಪಾಯಿತು. ಮೆಟ್ಟಿಲ ಮೇಲೆ ಕೂತು ಬೀದಿ ನೋಡುತ್ತಿದ್ದದ್ದು, ಯಾರೂ ಬರಲಿಲ್ಲವಾ ಎಂದು ಕೇಳಿದ್ದು. ನಾಲ್ಕು ವರ್ಷ ಸುಳ್ಳು ಸಾವಿಗೆ ಊಟ ಬಂದಿತ್ತು. ನಿಜವಾದದ್ದು ಬಂದ ವರ್ಷ ತಾನು ಬಾಗಿಲಿಗೆ ಅಡ್ಡ ನಿಂತು ಊರನ್ನೇ ಹಿಂದಕ್ಕೆ ಕಳಿಸಿದ್ದಾಯಿತು, ಮೇಲೆ ಖುಷಿಯಾಯಿತಾ ಎಂದು ಬೇರೆ ಕೇಳಿದ್ದಾಯಿತು. ಅವಳು ಡಿಕ್ಕಿಯ ಅಂಚಿನ ಮೇಲೆ ಕೂತು, ಹಾಲಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಅತ್ತಳು. ಗಾಡಿ ತಳ್ಳಿಕೊಂಡು ಹೋಗುತ್ತಿದ್ದವನೊಬ್ಬ ಏನಾದರೂ ಸಹಾಯ ಬೇಕಾ ಎಂದು ಕೇಳಿದ. ಬೇಡ, ನಿಮ್ಮ ಕೆಲಸ ನೋಡಿಕೊಳ್ಳಿ ಎಂದಳು. ಕಣ್ಣೊರೆಸಿಕೊಂಡು ಮತ್ತೆ ಅಂಗಡಿಯ ಒಳಗೆ ಹೋಗಿ ಮ್ಯಾಕರೋನಿ, ಚೀಸ್, ಫಾಯಿಲ್ ತಂದಳು.

ಮನೆಯಲ್ಲಿ ವೆಂಡೆಲ್ ಅದೇ ಮೆಟ್ಟಿಲ ಮೇಲೆ ಅದೇ ಫೋನ್ ಇಟ್ಟುಕೊಂಡು ಕೂತಿದ್ದ. ಪೆಟ್ರಾಕಿಸ್ ಮಧ್ಯಾಹ್ನದೊಳಗೆ ಕರೆಯುತ್ತಾನೆ ಎಂದ, ಅವಳು ಕೇಳದಿದ್ದರೂ. ಹ್ಞೂಂ ಎಂದು ಅವಳು ಒಳಗೆ ಹೋದಳು. ಹಿಂಬಾಗಿಲಿನಿಂದ ಚೀಲ ತಂದು ಬಟ್ಟೆ ಒಗೆಯುವ ಯಂತ್ರಕ್ಕೆ ಶೂ ಹಾಕಿದಳು. ಹೋದ ವರ್ಷದಿಂದ ವಾಪಸು ಕೊಡದೆ ಉಳಿದಿದ್ದ ವೆಲ್ಮಾಳ ಗಾಜಿನ ಪಾತ್ರೆ ನೆಲಮಾಳಿಗೆಯಲ್ಲಿತ್ತು, ತಳದಲ್ಲಿ ಟೇಪಿನ ಮೇಲೆ ವೆಲ್ಮಾಳ ಹೆಸರು. ಅದನ್ನು ತೊಳೆದಳು. ಮ್ಯಾಕರೋನಿ ಬೇಯಿಸಿ, ಚೀಸ್ ತುರಿದು, ಹಾಲು ಮೊಟ್ಟೆ ಕಲಸಿ ಹುಯ್ದು, ಮೇಲೆ ಕೆಂಪು ಪುಡಿ ಉದುರಿಸಿ ಓವನ್ನಿಗಿಟ್ಟಳು. ಇಷ್ಟು ಹೊತ್ತು ಜನೆಲ್ ಒಂದು ಮಾತೂ ಆಡದೆ ಇದ್ದದ್ದು ಅವಳ ಜೀವನದಲ್ಲೇ ಮೊದಲು.

ಹನ್ನೆರಡಾದರೂ ಫೋನ್ ಬರಲಿಲ್ಲ. ಅವಳು ಊಟಕ್ಕೆ ಕರೆದಳು. ವೆಂಡೆಲ್ ಬಂದು ನೋಡಿದರೆ ಮೇಜಿನ ಮೇಲೆ ಫಾಯಿಲ್ ಮುಚ್ಚಿದ ಪಾತ್ರೆ.

"ಯಾರು ಬಂದಿದ್ರು?"

"ಯಾರೂ ಇಲ್ಲ. ಪಾತ್ರೆ ವೆಲ್ಮಾದು, ಒಳಗಿರೋದು ನಂದು."

"ಯಾಕೆ?"

"ಕೆಲಸ ಹೋದ ಮನೆಗೆ ಊಟ ಬರ್ಬೇಕಲ್ಲ," ಎಂದಳು ಜನೆಲ್. "ಡಿಕ್ಕಿ ನಾತ ಹೊಡೀತಿತ್ತು. ಶೂ ಒಗೆಯೋಕೆ ಹಾಕಿದೀನಿ."

ಅವನು ಕುರ್ಚಿ ಎಳೆದುಕೊಂಡು ಕೂತ. ಫಾಯಿಲಿನ ಅಂಚನ್ನು ಬೆರಳಿನಿಂದ ಒತ್ತಿದ. ಆಮೇಲೆ ಒಂದೊಂದೇ ಮಾತು ಹೊರಗೆ ಬಂತು. ಚೆಂಡು ಒದೆಯುವ ನಿಯಮ ಮತ್ತೆ ಬದಲಾಗಿದೆ, ಮೊದಲಿನಷ್ಟು ಓಟ ಬೇಕಾಗಿಲ್ಲ. ಬೇಕಾಗಿರುವಷ್ಟನ್ನು ಓಡಲು ಇಪ್ಪತ್ತೆರಡರ ಹುಡುಗನೊಬ್ಬ ಬಂದಿದ್ದಾನೆ, ಒಳ್ಳೆಯ ಹುಡುಗ, ಪಾದ ನೋಡಿ ಓಡುವುದನ್ನು ಇವನೇ ಹೇಳಿಕೊಟ್ಟದ್ದು. ಮಂಗಳವಾರ ಪೆಟ್ರಾಕಿಸ್ ಒಳಗೆ ಕರೆದು ಎಂದಿನ ಹಾಗೆ ಕೈ ಚಾಚಿದ. ಇವನೂ ಎಂದಿನ ಹಾಗೆ ಕೈ ಕೊಟ್ಟು, ನಾಳೆ ಎಷ್ಟು ಹೊತ್ತಿಗೆ ಬರಲಿ ಎಂದು ಕೇಳಿದ.

"ಕೈ ಬಿಡ್ಲೇ ಇಲ್ಲ ಜನೆಲ್ ಅವನು. ಹಿಡ್ಕೊಂಡೇ ಹೇಳ್ದ, ಇದು ಆ ಕೈ ಅಲ್ಲ ಕಣೋ ಅಂತ."

ಜನೆಲ್‌ಗೆ ಹೇಳಬೇಕಾದದ್ದು ಬೇಕಾದಷ್ಟಿತ್ತು. ಒಂಬತ್ತು ವರ್ಷದ್ದು ನಾಲಿಗೆಯ ತುದಿಯಲ್ಲೇ ಇತ್ತು. ಫ್ಲಾರಿಡಾ ಇತ್ತು. ಅವಳು ಫಾಯಿಲ್ ತೆಗೆದು ಅವನ ತಟ್ಟೆಗೆ ದೊಡ್ಡದೊಂದು ತುಂಡು ಬಡಿಸಿದಳು.

"ಬೇರೆ ಯಾರಾದ್ರೂ ಕರೀತಾರೇನೋ ಅಂತ ನೋಡ್ತಿದ್ದೆ. ಕರೆದಿದ್ರೆ ನಿಂಗೆ ಹೇಳೋದೇ ಬೇಕಿರ್ಲಿಲ್ಲ," ಎಂದ ವೆಂಡೆಲ್.

"ಗೊತ್ತು. ತಿನ್ನು."

ಅವನು ತಿಂದ. ಒಂದು ತುತ್ತು ತಿಂದು, ಉಪ್ಪು ಕಡಿಮೆಯಾಯಿತು ಎಂದ. ಡಬ್ಬಿ ಎಲ್ಲಿದೆ ಹುಡುಕಿಕೋ, ಇನ್ನು ಮೇಲೆ ನಿನಗೆ ಪುರಸೊತ್ತಿದೆಯಲ್ಲ ಎಂದಳು ಜನೆಲ್. ಅಷ್ಟರಲ್ಲಿ ಮೇಜಿನ ಮೇಲಿದ್ದ ಫೋನ್ ಬಡಿದುಕೊಂಡಿತು. ಇಬ್ಬರೂ ಬೆಚ್ಚಿ ನೋಡಿದರು.

ಅರ್ನೆಸ್ಟೀನ್. ಕೋಚ್ ಕರೆದನಾ ಎಂದು ಕೇಳಲು ಮಾಡಿದ್ದರು. ವೆಲ್ಮಾ ಇಲ್ಲೇ ಪಕ್ಕದಲ್ಲಿ ಕೂತಿದ್ದಾಳೆ, ನಿನ್ನೆ ಊಟ ತರದೆ ಇದ್ದದ್ದಕ್ಕೆ ಅವಳಿಗೆ ರಾತ್ರಿಯಿಡೀ ನಿದ್ದೆಯ ಸುಳಿವಿಲ್ಲ, ಕೆಲಸ ವಾಪಸು ಬಂತೆಂದು ಹೇಳಿಬಿಟ್ಟರೆ ನೆಮ್ಮದಿಯಾಗಿ ಮನೆಗೆ ಹೋಗುತ್ತಾಳೆ ಎಂದು ಒಂದೇ ಉಸಿರಿಗೆ ಹೇಳಿದರು. ಅವರ ದನಿ ಜನೆಲ್ ಕೂತಲ್ಲಿಗೂ ಕೇಳುತ್ತಿತ್ತು.

ವೆಂಡೆಲ್ ಹೆಂಡತಿಯ ಮುಖ ನೋಡಿದ. ಪಾದವನ್ನಲ್ಲ, ಮುಖವನ್ನೇ.

"ಇಲ್ಲಮ್ಮ, ಕರೀಲಿಲ್ಲ," ಎಂದ. "ಇನ್ನು ಕರೆಯಲ್ಲ. ಈ ಸಲ ನಿಜವಾಗ್ಲೂ ಹೋಯ್ತು. ಸಿಸ್ಟರ್ ವೆಲ್ಮಾಗೆ ಹೇಳು, ಊಟ ತರ್ಬಹುದು."

ಅರ್ನೆಸ್ಟೀನ್ ದನಿ ತಗ್ಗಿಸಿ ಕೇಳಿದರು.

"ಜನೆಲ್ ಏನೂ ಅನ್ನಲ್ವೇನೋ? ಜಾಗ ಇಲ್ಲ ಅಂದಿದ್ಲು."

ಜನೆಲ್ ಆಗಲೇ ಎದ್ದಿದ್ದಳು. ಫ್ರೀಜರಿನ ಬಾಗಿಲು ತೆಗೆದು, ಮೊಣಕಾಲಿನದು, ಭುಜದ್ದು, ಎಲುಬಿನದು ಎಂದು ಐಸ್ ಚೀಲಗಳನ್ನು ಒಂದೊಂದಾಗಿ ಎತ್ತಿ ಸಿಂಕಿನೊಳಗೆ ಹಾಕುತ್ತಿದ್ದಳು.